ಛೇ ಅಂದರೆ ಆರು

2016ರ ಫೆಬ್ರವರಿ 9, ಮಂಗಳವಾರ. ಕಾಸರಗೋಡಿನ ಬದಿಯಡ್ಕದ ಹತ್ತಿರ ಇರುವ ಸೋದರಮಾವನ ಮನೆಗೆ ಹೋಗಿದ್ದೆ. ಚಾವಡಿಯಲ್ಲಿ ಟಿವಿ ಓಡುತ್ತಿತ್ತು. ಮಾವ ನೆಲದಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಮಂದಿ ಸೈನಿಕರು ಹೂತುಹೋಗಿ ಆರು ದಿನ ಆಗಿತ್ತು. ಯಾರೂ ಬದುಕಿರಲಿಕ್ಕಿಲ್ಲ ಅಂತ ಎಲ್ಲರೂ ಆಸೆ ಬಿಟ್ಟಿದ್ದರು. ಅಷ್ಟರಲ್ಲಿ ಸುದ್ದಿ ಬಂತು. ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಹಿಮದಡಿಯಿಂದ ಜೀವಂತ ಸಿಕ್ಕಿದ್ದಾರೆ. ಆ ದಿನ ನಿಮಗೂ ನೆನಪಿರಬಹುದು. ಹರಕೆ ಹೊತ್ತವರೆಷ್ಟು, ಪೂಜೆ ಮಾಡಿಸಿದವರೆಷ್ಟು. ಎರಡು ದಿನ ಬಿಟ್ಟು, 11ರಂದು, ಅವರು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆದರೆ ಆ ಮಂಗಳವಾರ ಮಾತ್ರ ಎಲ್ಲರ ಮನೆಯಲ್ಲೂ ಒಂದು ಥರದ ಹಬ್ಬ.

ಅತ್ತೆ ಒದ್ದೆ ಕೈಯಲ್ಲೇ ಅಡಿಗೆಮನೆಯಿಂದ ಓಡಿ ಬಂದರು. ಮಾವ ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟರು. ಟಿವಿಯನ್ನೇ ನೋಡುತ್ತಾ "ಛೇ" ಅಂದರು. ಅತ್ತೆಗೆ ಸಿಟ್ಟು ಬಂತು. "ಬದುಕಿ ಬಂದದ್ದಕ್ಕೆ ಯಾಕೆ ಛೇ ಅನ್ನುವುದು? ದೇವರೇ ಅನ್ನಬಾರದಾ?" ನನಗೂ ಹಾಗೇ ಕೇಳಿಸಿತ್ತು. ಮಾವ ಮತ್ತೆ ಅಂದರು: "ಛೇ ದಿನ್. ಛೇ ದಿನ್ ಬಾದ್ ಭೀ." ಆಗ ಗೊತ್ತಾಯಿತು, ಅದು ನಮ್ಮ ಛೇ ಅಲ್ಲ, ಹಿಂದಿಯ ಆರು. ಆರು ದಿನ. ಆರು ದಿನ ಆದ ಮೇಲೂ. ನಂತರ ಇನ್ನೂ ಮೆಲ್ಲಗೆ, "ಹಮ್‌ನೇ ತೋ ದೋ ದಿನ್ ಮೇ ಬಂದ್ ಕರ್ ದಿಯಾ" ಅಂದರು. ನಾವು ಎರಡೇ ದಿನದಲ್ಲಿ ನಿಲ್ಲಿಸಿಬಿಟ್ಟೆವು.

ಏನನ್ನು ನಿಲ್ಲಿಸಿದ್ದು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಬಾಯಿ ಸುಮ್ಮನಿರಬೇಕಲ್ಲ. ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯು ಮಾಡಿ ಏಳೆಂಟು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳು ನಾನು. ಮೃದುವಾದ ದನಿ ಮಾಡಿಕೊಂಡು, ಶುದ್ಧ ಕನ್ನಡದಲ್ಲಿ, "ಅದು ನಿಮ್ಮ ತಪ್ಪಲ್ಲ ಮಾವ" ಅಂದೆ. ಮಾವ ನನ್ನ ಕಡೆ ತಿರುಗಿದರು. ಆಗಷ್ಟೇ ನಾವೆಲ್ಲ ಅಲ್ಲಿರುವುದು ಕಂಡ ಹಾಗಿತ್ತು. "ಎಂತ ಇಲ್ಲ ಮಾರಾಯ್ತಿ" ಅಂತ ರಿಮೋಟ್ ಒತ್ತಿ ಟಿವಿ ಆಫ್ ಮಾಡಿದರು. ಮತ್ತೆ ಅಡಿಕೆ ಎತ್ತಿಕೊಂಡರು.

ಆ ಒಂದು ವಾಕ್ಯ ಹೇಳಬಾರದಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಊರಿಗೊಬ್ಬ ಮಿಲಿಟ್ರಿ ಮಾವ

ನಮ್ಮ ಕಡೆ ಸೈನ್ಯಕ್ಕೆ ಹೋಗುವವರು ಕಡಿಮೆ. ಕೊಡಗಿನ ಹಾಗೆ ಮನೆಮನೆಯಲ್ಲಿ ಸೈನಿಕರಿಲ್ಲ. ಕೊಲ್ಹಾಪುರದ ಗಡಹಿಂಗ್ಲಜ್, ಚಂದಗಡ ಕಡೆಯ ಹುಡುಗರ ಹಾಗೆ ಬೆಳಗಾವಿಯ ಮರಾಠಾ ಸೆಂಟರಿಗೆ ಓಡುವ ರೂಢಿಯೂ ಇಲ್ಲ. ಅಲ್ಲಿ ರಿಟೈರ್ ಆಗಿ ಬಂದವನಿಗೆ ಚಾದ ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಅಂಥವರೇ ಸಿಗುತ್ತಾರೆ. ನಮ್ಮಲ್ಲಿ ಊರಿಗೊಬ್ಬ. ಅವನಿಗೆ ಹೆಸರೂ ಇರುವುದಿಲ್ಲ, ಬರೀ 'ಮಿಲಿಟ್ರಿ'. ಮಲಯಾಳದವರ ಬಾಯಲ್ಲಿ 'ಪಟ್ಟಾಳಂ'. ಆಗಸ್ಟ್ 15ಕ್ಕೆ ಶಾಲೆಯವರು ಕರೆದು ಧ್ವಜ ಹಾರಿಸಲು ಹೇಳುತ್ತಾರೆ. ಉಳಿದ 364 ದಿನ ನೆರೆಕರೆಯವರು ಕೇಳುವುದು ಒಂದೇ, "ಕ್ಯಾಂಟೀನ್ ಕೋಟಾ ಬಂತಾ?" ಅಂದರೆ ಮಿಲಿಟ್ರಿ ಕ್ಯಾಂಟೀನಿನ ಬಾಟಲಿ.

ಮಾವ ಸೇರಿದ್ದು 1986ರಲ್ಲಿ, ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ಗೆ. ಜಬಲ್ಪುರದಲ್ಲಿ ಟ್ರೈನಿಂಗ್. 17 ವರ್ಷ ಸೇವೆ ಮಾಡಿ 2003ರಲ್ಲಿ ವಾಪಸು ಬಂದಾಗ ಅವರಿಗೆ 36. ಜವಾನನಿಗೆ ಪೆನ್ಶನ್ ಸಿಗಬೇಕಾದರೆ 15 ವರ್ಷ ಆಗಬೇಕು. ಅದಾಗಿ ಒಂದೆರಡು ವರ್ಷಕ್ಕೆ ಹೆಚ್ಚಿನವರು ಹೊರಗೆ ಬರುತ್ತಾರೆ. ನಮ್ಮಲ್ಲಿ 36 ಅಂದರೆ ಅಡಿಕೆ ಮರ ಹತ್ತುವ ಪ್ರಾಯ. ಆ ಪ್ರಾಯದಲ್ಲಿ 'ನಿವೃತ್ತ' ಅಂತ ಮನೆಯಲ್ಲಿ ಕೂತವನನ್ನು ಏನು ಮಾಡಬೇಕು ಅಂತ ಊರಿಗೂ ಗೊತ್ತಿಲ್ಲ, ಮನೆಗೂ ಗೊತ್ತಿಲ್ಲ.

ಮನೆ ಅಂದೆನಲ್ಲ, ಅದನ್ನು ಸ್ವಲ್ಪ ಹೇಳಬೇಕು. ಮದುವೆಯಾದ ಮೇಲಿನ ಅಷ್ಟೂ ವರ್ಷ ತೋಟ ನೋಡಿಕೊಂಡದ್ದು ಅತ್ತೆ. ಮಳೆಗಾಲಕ್ಕೆ ಮೊದಲು ಮದ್ದು ಬಿಡುವವರನ್ನು ಗೊತ್ತು ಮಾಡುವುದು, ಮೈಲುತುತ್ತು ಸುಣ್ಣ ತರಿಸುವುದು, ಕ್ಯಾಂಪ್ಕೊಗೆ ಅಡಿಕೆ ಹಾಕುವುದು, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಲ್ಲಿ ನೀರು ಕಮ್ಮಿಯಾದರೆ ಒಳಗಿನ ಮಣ್ಣು ತೆಗೆಸುವುದು, ಎಲ್ಲ ಅವರೇ. ಮಾವ ವರ್ಷಕ್ಕೆ ಎರಡು ಸಲ ರಜೆಯಲ್ಲಿ ಬರುವ ನೆಂಟ. ಆ ನೆಂಟ ಒಂದು ದಿನ ಟ್ರಂಕಿನ ಜೊತೆ ಬಂದು ಹೋಗಲೇ ಇಲ್ಲ. ಬೆಳಿಗ್ಗೆ ಐದಕ್ಕೆ ಎಲ್ಲರನ್ನೂ ಎಬ್ಬಿಸಿದರು. ಮಕ್ಕಳ ಹಾಸಿಗೆ ಹೇಗೆ ಮಡಚಿದ್ದಾರೆ ಅಂತ ಪರೀಕ್ಷೆ ಮಾಡಿದರು. ಕೆಲಸಕ್ಕೆ ಬಂದ ಹೆಂಗಸರು ಹತ್ತು ನಿಮಿಷ ತಡವಾದರೆ ಗಡಿಯಾರ ತೋರಿಸಿದರು. ಅವರು ಮರುದಿನದಿಂದ ಪಕ್ಕದ ತೋಟಕ್ಕೆ ಹೋದರು. ಮೊದಲ ದೊಡ್ಡ ಜಗಳ ಆದದ್ದು ಕಪಾಟಿನ ಬೀಗದಕೈ ಯಾರ ಹತ್ತಿರ ಇರಬೇಕು ಅಂತ. ಕೊನೆಗೆ ಅದು ದೇವರ ಕೋಣೆಯ ಮೊಳೆಗೆ ಹೋಯಿತು. ಈಗಲೂ ಅಲ್ಲೇ ಉಂಟು.

ಸೇನೆಯಿಂದ ಬಂದವರಿಗೆ ಊರಿಗೆ ಹೊಂದಿಕೊಳ್ಳುವುದು ಕಷ್ಟ ಅಂತ ಬರೆಯುವವರೆಲ್ಲ ಬಾಂಬು, ಗುಂಡು, ಕೆಟ್ಟ ಕನಸು ಅಂತ ಶುರು ಮಾಡುತ್ತಾರೆ. ನಾನು ಕಂಡ ಐದಾರು ಮನೆಗಳಲ್ಲಿ ಅದು ಶುರುವಾದದ್ದು ಬೀಗದಕೈಯಿಂದ.

ಹತ್ತು ಅಂಕದ ಪ್ರಶ್ನೆ

ತಮಾಷೆ ಅಂದರೆ, ನಮ್ಮ ಈ ಕೆಲಸಕ್ಕೂ ಯುದ್ಧಕ್ಕೂ ಹಳೇ ನಂಟು. ಮೊದಲನೇ ಮಹಾಯುದ್ಧದಲ್ಲಿ 'ಶೆಲ್ ಶಾಕ್' ಆಗಿ, ಅಂದರೆ ಯುದ್ಧದ ಆಘಾತಕ್ಕೆ ಮನಸ್ಸು ಕೆಟ್ಟು, ಬಂದ ಸೈನಿಕರನ್ನು ನೋಡಿಕೊಳ್ಳಲು ಜನ ಬೇಕು ಅಂತಲೇ 1918ರಲ್ಲಿ ಅಮೆರಿಕದ ಸ್ಮಿತ್ ಕಾಲೇಜಿನಲ್ಲಿ ಸಮಾಜಕಾರ್ಯದ ತರಬೇತಿ ಶುರುವಾಯಿತು. ವಿಯೆಟ್ನಾಂನಿಂದ ವಾಪಸು ಬಂದವರ ಗಲಾಟೆಯಿಂದಾಗಿ 1980ರಲ್ಲಿ, ಆಘಾತದ ನಂತರ ಉಳಿಯುವ ಮನಸ್ಸಿನ ಕಾಯಿಲೆಗೆ ಪಿಟಿಎಸ್‌ಡಿ ಅನ್ನುವ ಹೆಸರು ವೈದ್ಯರ ಪುಸ್ತಕ ಸೇರಿತು. ಮಂಗಳೂರಲ್ಲಿ ಓದುವಾಗ ಇದನ್ನೆಲ್ಲ ಹತ್ತು ಅಂಕದ ಪ್ರಶ್ನೆಗೆ ಚೆನ್ನಾಗಿಯೇ ಬರೆದಿದ್ದೆ. ಶನಿವಾರ ಊರಿಗೆ ಬಂದು ಮಾವನ ಮನೆಯಲ್ಲಿ ಊಟ ಮಾಡುತ್ತಿದ್ದೆ. ಎರಡಕ್ಕೂ ಸಂಬಂಧ ಉಂಟು ಅಂತ ಒಂದು ದಿನವೂ ಹೊಳೆಯಲಿಲ್ಲ.

ಅವರು ಯಾಕೆ ಹೇಳುವುದಿಲ್ಲ ಅನ್ನುವುದಕ್ಕೆ ಒಂದು ಕಾರಣ ನನಗೆ ತುಂಬಾ ತಡವಾಗಿ ಗೊತ್ತಾಯಿತು. ಸೇನೆಯಲ್ಲಿ ಆರೋಗ್ಯವನ್ನು ಐದು ಅಕ್ಷರದಲ್ಲಿ ಅಳೆಯುತ್ತಾರೆ, ಶೇಪ್ ಅಂತ. ಎಲ್ಲ ಸರಿ ಇದ್ದರೆ 'ಶೇಪ್ ಒನ್'. ಕಿವಿ, ಕೈಕಾಲು, ದೇಹ, ಕಣ್ಣು, ಇವಕ್ಕೆಲ್ಲ ಒಂದೊಂದು ಅಕ್ಷರ. ಎಲ್ಲಕ್ಕಿಂತ ಮೊದಲ ಅಕ್ಷರ 'ಎಸ್', ಅದು ಮನಸ್ಸಿನದ್ದು. ಕಾಲು ಮುರಿದು ಕೆಟಗರಿ ಇಳಿದರೆ ಯಾರೂ ಏನೂ ಅನ್ನುವುದಿಲ್ಲ. 'ಎಸ್' ಇಳಿದರೆ ಪ್ರಮೋಶನ್ನಿನ ಭಯ, ಕೋವಿ ಕೈಯಿಂದ ಹೋಗುವ ಭಯ, ಜೊತೆಯವರು ಬೇರೆ ಕಣ್ಣಲ್ಲಿ ನೋಡುವ ಭಯ. ಹದಿನೇಳು ವರ್ಷ "ನಾನು ಸರಿಯಾಗಿಯೇ ಇದ್ದೇನೆ" ಅಂತ ಹೇಳುತ್ತಾ ಬಂದವನು ಹದಿನೆಂಟನೇ ವರ್ಷ ಸೊಸೆಯ ಹತ್ತಿರ ಬೇರೆ ಹೇಳುತ್ತಾನಾ?

ಅತ್ತೆ ಹೇಳಿದರು. ಅದೂ ಕೇಳಿದ್ದಕ್ಕಲ್ಲ. ಒಮ್ಮೆ ಕುಂಬಳೆ ಬೆಡಿಗೆ, ಅಂದರೆ ಜಾತ್ರೆಯ ಸುಡುಮದ್ದು ನೋಡಲು, ಹೋಗುವ ಮಾತು ಬಂತು. ನಾನು ಪುಸ್ತಕದ ಹುಳು, "ಮಾವನನ್ನು ಕರಕೊಂಡು ಹೋಗಬೇಡಿ, ಆ ಶಬ್ದ ಅವರಿಗೆ ಆಗಲಿಕ್ಕಿಲ್ಲ" ಅಂದೆ. ಅತ್ತೆ ನಕ್ಕೇ ನಕ್ಕರು. ಮಾವ ಪ್ರತಿ ವರ್ಷ ಬೆಡಿ ಮುಗಿಯುವ ತನಕ ಗದ್ದೆಯ ಬದುವಿನಲ್ಲಿ ಚರುಮುರಿ ತಿನ್ನುತ್ತಾ ಕೂರುತ್ತಾರಂತೆ. "ಅವರಿಗೆ ಆಗದ್ದು ಸೋಗೆ ಬೀಳುವುದು" ಅಂದರು ಅತ್ತೆ. ಅಡಿಕೆ ತೋಟದ ಪಕ್ಕ ಮಲಗಿದವರಿಗೆ ಗೊತ್ತು. ರಾತ್ರಿ ಎರಡು ಗಂಟೆಗೆ ಎಲ್ಲ ನಿಶ್ಶಬ್ದ ಇರುವಾಗ ಮೇಲೆಲ್ಲೋ ಕರ್ ಅಂತ ಒಂದು ಸದ್ದು. ಹಾಳೆ ಮರದಿಂದ ಬಿಡುವ ಸದ್ದು ಅದು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಧಪ್. ಆ ಕರ್‌ಗೆ ಮಾವ ಎದ್ದು ಕೂರುತ್ತಾರಂತೆ. ಧಪ್ ಕೇಳಿದ ಮೇಲೆ ಮಲಗುತ್ತಾರಂತೆ. ಕೆಲವೊಮ್ಮೆ ಸೋಗೆ ನಡುವೆ ಎಲ್ಲೋ ಸಿಕ್ಕಿಕೊಂಡು ನೆಲಕ್ಕೆ ಬೀಳುವುದೇ ಇಲ್ಲ. ಆ ರಾತ್ರಿ ಬೆಳಗಿನ ತನಕ ಚಾವಡಿಯಲ್ಲಿ ಕೂತಿರುತ್ತಾರೆ. ಬೆಡಿಗಾದರೆ ಹೊತ್ತು ಗೊತ್ತು, ಸುಡುವವರು ಯಾರು ಅಂತ ಗೊತ್ತು. ಸೋಗೆ ಹೇಳಿ ಬೀಳುವುದಿಲ್ಲ.

ಹದಿಮೂರು ವರ್ಷ ಅತ್ತೆ ಇದನ್ನು ಯಾರಿಗೂ ಹೇಳಿರಲಿಲ್ಲ. ಯಾರೂ ಅವರನ್ನು ಕೇಳಿರಲಿಲ್ಲ, ನಾನೂ ಸೇರಿ.

ದೇವಿಯ ದೆಸೆಯಿಂದ

ನನಗೆ ದಾರಿ ತೋರಿಸಿದ್ದು ಓದಲ್ಲ, ಒಂದು ಕಾಗದದ ತಪ್ಪು. ಸೇನೆಯ ದಾಖಲೆಯಲ್ಲಿ ಅತ್ತೆಯ ಹೆಸರಿಗೆ ಒಂದು 'ದೇವಿ' ಅಂಟಿಕೊಂಡಿತ್ತು. ಮದುವೆಯಾದಾಗ ಹೆಸರು ಸೇರಿಸಿಕೊಂಡ ಉತ್ತರದ ಯಾವನೋ ಗುಮಾಸ್ತ, ಹೆಂಗಸಿನ ಹೆಸರು ಅಂದ ಮೇಲೆ ಬಾಲಕ್ಕೆ ದೇವಿ ಇರಲೇಬೇಕು ಅಂದುಕೊಂಡು ಬರೆದಿದ್ದ. ಆಧಾರ್‌ನಲ್ಲಿ ದೇವಿ ಇಲ್ಲ. ರೇಶನ್ ಕಾರ್ಡಿನಲ್ಲಿ ಮಲಯಾಳದಲ್ಲಿ ಬೇರೆಯೇ ಕಾಗುಣಿತ. ಇದನ್ನು ಹೀಗೇ ಬಿಟ್ಟರೆ ಮುಂದೆ ಫ್ಯಾಮಿಲಿ ಪೆನ್ಶನ್ ಹೊತ್ತಿಗೆ ಅತ್ತೆ ತಾನೇ ಆ ದೇವಿ ಅಂತ ಸಾಬೀತು ಮಾಡುತ್ತಾ ಅಲೆಯಬೇಕು. "ಅವಳು ಯಾರೋ ಆ ದೇವಿ, ಪೆನ್ಶನ್ ಅವಳಿಗೇ ಹೋಗಲಿ" ಅಂತ ಅತ್ತೆ ತಮಾಷೆ ಮಾಡಿದರು. ಆದರೆ ಆ ತಮಾಷೆಯ ಹಿಂದೆ ಹೆದರಿಕೆ ಇತ್ತು. ಬೇಕಾದ ಕಾಗದ ಒಂದೆರಡಲ್ಲ: ಪಾರ್ಟ್ ಟೂ ಆರ್ಡರ್, ಪಿಪಿಒ ಅನ್ನುವ ಪೆನ್ಶನ್ ಆದೇಶ, ಡಿಸ್ಚಾರ್ಜ್ ಬುಕ್, ಅಫಿಡವಿಟ್, ಜಂಟಿ ಫೋಟೋ. ಆಸ್ಪತ್ರೆಯಲ್ಲಿ ಕಾಗದ ಓಡಿಸಿ ಅಭ್ಯಾಸ ಇದ್ದ ನಾನು ಮಾವನ ಜೊತೆ ಹೊರಟೆ.

2019ರ ಜುಲೈ. ಕಾಸರಗೋಡಿನ ಒಂದು ಕಚೇರಿ, ಯಾವುದು ಅಂತ ಬೇಡ. ಅರ್ಜಿ ಮಲಯಾಳದಲ್ಲಿ. ಕನ್ನಡದ್ದು ಕೇಳಿದರೆ "ತೀರ್ನು ಪೋಯಿ", ಮುಗಿದುಹೋಗಿದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದಲೂ ಮುಗಿದೇ ಇರುವ ಅರ್ಜಿ ಅದು, ಇರಲಿ. ಸಾಹೇಬರು ಊಟಕ್ಕೆ ಹೋಗಿದ್ದರು. ವರಾಂಡದ ಬೆಂಚಿನಲ್ಲಿ ಕೂತೆವು. ಹೊರಗೆ ಧೋ ಮಳೆ. ಮಾವ ಜಬಲ್ಪುರದ ರೆಕಾರ್ಡ್ ಆಫೀಸಿಗೆ ಫೋನ್ ಮಾಡಿ ಹತ್ತು ನಿಮಿಷ ಹಿಂದಿಯಲ್ಲಿ ಮಾತಾಡಿದರು. ಅವರ ಬೆನ್ನು ನೆಟ್ಟಗಾಯಿತು. ದನಿ ಬದಲಾಯಿತು. ನಮ್ಮ ಮನೆಯಲ್ಲಿ ತಡವರಿಸುವ ಮನುಷ್ಯ ಇವರೇನಾ ಅನಿಸಿತು. ಫೋನ್ ಇಟ್ಟ ಮೇಲೂ ನಾಲಿಗೆ ಹಿಂದಿಯಲ್ಲೇ ಇತ್ತು. ನನ್ನ ಕಡೆ ನೋಡದೆ, ಮಳೆಯನ್ನು ನೋಡುತ್ತಾ, "ಉಸ್ ರಾತ್ ಭೀ ಐಸಾ ಹೀ..." ಅಂದರು. ಆ ರಾತ್ರಿಯೂ ಹೀಗೇ.

ಮೂರು ವರ್ಷ ಹಿಂದಿನ ಮಂಗಳವಾರ ನೆನಪಾಯಿತು. ಕನ್ನಡ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಶಾಲೆಯಲ್ಲಿ ಕಲಿತ ಹಿಂದಿಯಿಂದ ಒಂದೇ ಶಬ್ದ ಹುಡುಕಿ ತೆಗೆದೆ. "ಫಿರ್?" ಆಮೇಲೆ?

ಅವರು ಹೇಳಿದರು. ಒಂದು ಪೋಸ್ಟ್. ಇವರು ರೇಡಿಯೊ ಆಪರೇಟರ್. ಚಳಿಗೆ ಬ್ಯಾಟರಿ ಸಾಯದಿರಲಿ ಅಂತ ಮಲಗುವ ಚೀಲದೊಳಗೆ ಎದೆಗೆ ಒತ್ತಿ ಇಟ್ಟುಕೊಳ್ಳುತ್ತಿದ್ದರಂತೆ. ಜೊತೆಯವರೆಲ್ಲ ಉತ್ತರದ ಹುಡುಗರು. ರಾತ್ರಿ ಮೇಲಿನಿಂದ ಮೊದಲು ಒಂದು ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪಕ್ಕದ ಟೆಂಟ್ ಇದ್ದ ಕಡೆ ಟೆಂಟ್ ಇರಲಿಲ್ಲ. ಒಬ್ಬ ಸಿಗಲಿಲ್ಲ. ಸಲಿಕೆಯಲ್ಲಿ, ಕೈಯಲ್ಲಿ, ಎರಡು ದಿನ ಅಗೆದರು. ನಾನು ನಡುವೆ ಬಾಯಿ ಹಾಕಿ "ಔರ್ ಬರ್ಫ್ ಗಿರಾ?", ಇನ್ನೂ ಹಿಮ ಬಿತ್ತಾ, ಅಂತ ಕೇಳಿದೆ. ಮಾವ ಮಳೆಯಿಂದ ಕಣ್ಣು ತೆಗೆಯದೆ "ಗಿರಾ ನಹೀಂ, ಗಿರೀ" ಅಂತ ತಿದ್ದಿದರು. ಬರ್ಫ್ ಹೆಣ್ಣಂತೆ. ಹೌದು, ಬಿತ್ತು. ಮೇಲಿನ ಇಳಿಜಾರು ಪೂರಾ ಸಡಿಲವಾಗಿತ್ತು, ಇನ್ನೂ ಅಗೆದರೆ ಉಳಿದವರೂ ಹೋಗುವ ಹಾಗಿತ್ತು. ಕೆಳಗಿನಿಂದ ರೇಡಿಯೊದಲ್ಲಿ ಆದೇಶ ಬಂತು, "ಖುದಾಯಿ ಬಂದ್ ಕರೋ." ಅಗೆಯುವುದು ನಿಲ್ಲಿಸಿ. ಕೇಳಿದ್ದು ಇವರ ಕಿವಿ. ಹೊರಗೆ ಹೋಗಿ ಸಲಿಕೆ ಹಿಡಿದವರಿಗೆ ಹೇಳಿದ್ದು ಇವರ ಬಾಯಿ. ಅದಕ್ಕಿಂತ ಮೊದಲು, ಸಂದೇಶ ತಲುಪಿತು ಅಂತ ಕೆಳಗಿನವರಿಗೆ ಹೇಳಬೇಕಲ್ಲ. "ಮೈನೇ ರೋಜರ್ ಬೋಲಾ" ಅಂದರು ಮಾವ.

"ಫಿರ್?" ಅಂದೆ.

"ಫಿರ್ ಕ್ಯಾ. ಬೋಲ್ ದಿಯಾ ರೋಜರ್."

ಅಷ್ಟರಲ್ಲಿ ಒಳಗಿನಿಂದ ನಮ್ಮ ನಂಬರ್ ಕೂಗಿದರು. ಎದ್ದು ಹೋದೆವು. ದೇವಿಯನ್ನು ತೆಗೆಸುವ ಅರ್ಜಿ ಕೊಟ್ಟೆವು. ಹೊರಗೆ ಬಂದು ಚಾ ಕುಡಿದು ಬಸ್ ಹತ್ತಿದೆವು. ಬಸ್ಸಿನಲ್ಲಿ ಮಾವ ಕನ್ನಡದಲ್ಲಿ ಅಡಿಕೆ ರೇಟಿನ ಬಗ್ಗೆ ಮಾತಾಡಿದರು.

ಯಾವ ನಂಬರ್ ಒತ್ತಲಿ

ಮನಸ್ಸಿನ ಮಾತು ತಾಯ್ನುಡಿಯಲ್ಲೇ ಬರುತ್ತದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೆ. ಕಾಸರಗೋಡಿನ ಕನ್ನಡದವಳಿಗೆ ಅದು ಬರೀ ನಂಬಿಕೆ ಅಲ್ಲ, ಹಠ. ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಪಂಚಾಯತಿನಲ್ಲಿ ಕನ್ನಡ ಬೇಕು ಅಂತ ಜಗಳ ಮಾಡಿದವರು ನಾವು. ಆ ಹಠ ಈಗಲೂ ಉಂಟು. ಆದರೆ ಮಾವನ ಆ ಎರಡು ದಿನ ನಡೆದದ್ದು ಹಿಂದಿಯಲ್ಲಿ. ಆದೇಶ ಬಂದದ್ದು, ಸತ್ತವನು ಹಿಂದಿನ ದಿನ ನಗಿಸಿದ್ದು, ಎಲ್ಲ ಹಿಂದಿಯಲ್ಲಿ. ಅದನ್ನು ಕನ್ನಡದಲ್ಲಿ ಹೇಳಿದರೆ ಬೇರೆ ಯಾರಿಗೋ ಆದದ್ದರ ಹಾಗೆ ಆಗುತ್ತದೆ. ನಾನು ಅವತ್ತು ಕನ್ನಡದಲ್ಲಿ ಸಮಾಧಾನ ಹೇಳಿದಾಗ ಅವರನ್ನು ಆ ಪೋಸ್ಟಿನಿಂದ ಚಾವಡಿಗೆ ಎಳೆದು ತಂದುಬಿಟ್ಟಿದ್ದೆ. ಚಾವಡಿಯಲ್ಲಿ ಅವರಿಗೆ ಹೇಳಲಿಕ್ಕೆ ಏನೂ ಇರಲಿಲ್ಲ.

ಆಮೇಲೆ ಬೇರೆಯವರ ಕಾಗದಕ್ಕೂ ಓಡಾಡಿದೆ. ಮುಳ್ಳೇರಿಯ ಕಡೆಯ ಒಬ್ಬರು ಶಾಂತಿಪಡೆಯಲ್ಲಿ ಶ್ರೀಲಂಕಾಕ್ಕೆ ಹೋದವರು. 1987ರಿಂದ 1990ರ ತನಕ ಅಲ್ಲಿ ನಮ್ಮ ಸುಮಾರು 1,200 ಸೈನಿಕರು ಸತ್ತರು, ಈಗ ಯಾರ ಬಾಯಲ್ಲೂ ಆ ಮಾತಿಲ್ಲ. ಅವರು ಬೆಂಗಳೂರಿನ ಮದ್ರಾಸ್ ಇಂಜಿನಿಯರ್ಸ್‌ನವರು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ನನ್ನ ಹತ್ತಿರ ಕನ್ನಡ. ಜಾಫ್ನಾದ ಮಾತು ಬಂದರೆ ಮಾತ್ರ ತಮಿಳು. ನನಗೆ ಅರ್ಧವೂ ಅರ್ಥ ಆಗುವುದಿಲ್ಲ. ಬೆಂಚಿನಲ್ಲಿ ಪಕ್ಕದಲ್ಲಿ ಕೂತು ಎದುರಿನ ಗೋಡೆ ನೋಡುತ್ತೇನೆ. ಎದುರುಬದುರು ಕೂತರೆ ಅವರು ಮಾತಾಡುವುದಿಲ್ಲ, ಅದನ್ನೂ ಯಾವ ಪಾಠದಲ್ಲೂ ಹೇಳಿಕೊಟ್ಟಿರಲಿಲ್ಲ.

2022ರಲ್ಲಿ ಮನಸ್ಸಿನ ತೊಂದರೆಗೆ ಸರಕಾರದ ಫೋನ್ ಸಹಾಯವಾಣಿ ಟೆಲಿ ಮಾನಸ್ ಶುರುವಾದಾಗ 14416 ಅಂತ ಮಾವನ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಮರುವರ್ಷ ಪುಣೆಯ ಸೇನಾ ವೈದ್ಯಕೀಯ ಕಾಲೇಜಾದ ಎಎಫ್‌ಎಂಸಿಯಲ್ಲಿ ಸೇನೆಯವರಿಗೇ ಅಂತ ಅದರ ಒಂದು ವಿಭಾಗವೂ ಆಯಿತು. ಫೋನ್ ಮಾಡಿದರೆ ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಉಂಟು ಅಂತ ಹೆಮ್ಮೆಯಿಂದ ಹೇಳಿದೆ. ಮಾವ ಕನ್ನಡಕ ಏರಿಸಿ ನಂಬರ್ ನೋಡಿದರು. "ಹಿಂದಿಗೆ ಎಷ್ಟು ಒತ್ತಬೇಕು?" ಅಂತ ಕೇಳಿದರು. ಅವರು ಫೋನ್ ಮಾಡಿದ್ದಾರಾ ಇಲ್ಲವಾ, ನಾನು ಕೇಳಿಲ್ಲ. ಭಾನುವಾರ ಸಂಜೆ ಹಳೇ ಯೂನಿಟ್ಟಿನ ಒಬ್ಬರಿಗೆ ಫೋನ್ ಮಾಡುವುದು ಮಾತ್ರ ಗೊತ್ತು. ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಾ ಗಂಟೆಗಟ್ಟಲೆ ಹಿಂದಿ. ಹೆಚ್ಚಾಗಿ ಮೊಣಕಾಲು ನೋವಿನ ವಿಷಯ. "ಅದೊಂದು ಹರಿಕಥೆ" ಅನ್ನುತ್ತಾರೆ ಅತ್ತೆ.

ನವೆಂಬರ್ ಇಲ್ಲದವರು

ನನಗೆ ಈಗ ಯೋಚನೆ ಇರುವುದು ನಾಲ್ಕೇ ವರ್ಷಕ್ಕೆ ಅಂತ ಸೇನೆಗೆ ಹೋಗುವ ಹುಡುಗರದ್ದು. ನಮ್ಮ ಊರಿನ ಒಬ್ಬ ಅಗ್ನಿವೀರ ಆಗಿ ಹೋಗಿದ್ದಾನೆ. ಹದಿನೇಳೂವರೆಗೆ ಸೇರಬಹುದು, ನಾಲ್ಕು ವರ್ಷ ಆದ ಮೇಲೆ ನೂರರಲ್ಲಿ ಹೆಚ್ಚೆಂದರೆ 25 ಜನರನ್ನು ಇಟ್ಟುಕೊಳ್ಳುತ್ತಾರೆ. ಉಳಿದವರಿಗೆ ಸೇವಾ ನಿಧಿಯ ಸುಮಾರು 11.71 ಲಕ್ಷ ರೂಪಾಯಿ. ಪೆನ್ಶನ್ ಇಲ್ಲ, ಮಾಜಿ ಸೈನಿಕರ ಚಿಕಿತ್ಸೆಯ ಯೋಜನೆ ಇಸಿಎಚ್‌ಎಸ್ ಇಲ್ಲ, ಕ್ಯಾಂಟೀನ್ ಇಲ್ಲ. ಯೋಜನೆ ಸರಿಯಾ ತಪ್ಪಾ ಅಂತ ಟಿವಿಯಲ್ಲಿ ಸಾಕಷ್ಟು ಜನ ಕಿರುಚಿದ್ದಾರೆ. ನನ್ನ ಚಿಂತೆ ಸಣ್ಣದು. ಮಾವನ ಹತ್ತಿರ ನನ್ನನ್ನು ಕೂರಿಸಿದ್ದು ಕಾಗದ. ಪೆನ್ಶನ್‌ಗೆ ಪ್ರತಿ ನವೆಂಬರಿನಲ್ಲಿ ಬದುಕಿದ್ದೇನೆ ಅನ್ನುವ ಜೀವನ ಪ್ರಮಾಣ ಪತ್ರ ಕೊಡಬೇಕು, ಹೆಸರು ತಿದ್ದಬೇಕು, ಆಸ್ಪತ್ರೆಯ ರೆಫರಲ್ ಚೀಟಿ ತರಬೇಕು. ಆ ನೆಪದಲ್ಲಿ ಬೆಂಚು, ಬೆಂಚಿನಲ್ಲಿ ಮಾತು. ಇಪ್ಪತ್ತೆರಡಕ್ಕೆ ವಾಪಸು ಬರುವ ಹುಡುಗನಿಗೆ ಯಾವ ಕಾಗದವೂ ಇಲ್ಲದಿದ್ದರೆ ನಾನು ಯಾವ ನೆಪದಲ್ಲಿ ಅವನ ಪಕ್ಕ ಕೂರಲಿ? ಅವನಿಗೆ ನವೆಂಬರೇ ಇಲ್ಲವಲ್ಲ. ಅವನಮ್ಮನ ಹತ್ತಿರ ಈಗಲೇ ಸ್ವಲ್ಪ ಗುರುತು ಮಾಡಿಕೊಂಡಿದ್ದೇನೆ. ಅವರಿಗೆ ಕೋಳಿ ಸಾಕುವುದರಲ್ಲಿ ಆಸಕ್ತಿ, ನನಗೆ ಇಲ್ಲ, ಕಲಿಯುತ್ತಿದ್ದೇನೆ.

ಕಳೆದ ನವೆಂಬರಿನಲ್ಲಿ ಮಾವನನ್ನು ಪೇಟೆಯ ಸೇವಾ ಕೇಂದ್ರಕ್ಕೆ ಕರಕೊಂಡು ಹೋದೆ. ಬೆರಳಚ್ಚು ಬರಲಿಲ್ಲ. ಹತ್ತೂ ಬೆರಳು ಒತ್ತಿ ನೋಡಿದರು. ಸಿಯಾಚಿನ್‌ನ ಚಳಿಗೆ ಹೋಗಿರಬೇಕು ಅಂತ ಅಲ್ಲಿದ್ದ ಹುಡುಗಿ ಮರುಕಪಟ್ಟಳು. ಅಲ್ಲ, ಅಡಿಕೆ ಸಿಪ್ಪೆಗೂ ಸುಣ್ಣಕ್ಕೂ ಹೋದದ್ದು. ಕೊನೆಗೆ ನನ್ನ ಫೋನಿನಲ್ಲೇ ಮುಖ ತೋರಿಸಿ ಮಾಡುವ ದಾರಿ ಹುಡುಕಿದೆವು. ಜೀವಂತ ಇದ್ದೀರಿ ಅಂತ ತೋರಿಸಲು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕು. ಮಾವ ಸಾವಧಾನ್ ನಿಂತವರ ಹಾಗೆ ಕೂತು ಕಣ್ಣು ಅಗಲ ಮಾಡಿ ನೋಡಿದರು, ರೆಪ್ಪೆ ಅಲ್ಲಾಡಲಿಲ್ಲ. "ಮಾವ, ಕಣ್ಣು ಮುಚ್ಚಿ ತೆರೀರಿ." "ಕಿತ್ನೀ ಬಾರ್?" "ಏಕ್ ಬಾರ್." ಮೂರನೇ ಸಲಕ್ಕೆ ಫೋನ್ ಒಪ್ಪಿತು. ಅಷ್ಟರಲ್ಲಿ ಅದೇ ಫೋನಿಗೆ ಅತ್ತೆಯ ಕರೆ ಬಂತು. ಮೂಡು ದಿಕ್ಕಿನಲ್ಲಿ ಮೋಡ ಕಟ್ಟಿದೆಯಂತೆ, ಅಂಗಳ ತುಂಬ ಅಡಿಕೆ ಉಂಟು, ಜೀವ ಇದೆ ಅಂತ ಬರೆಸಿ ಆಗಿದ್ದರೆ ಬೇಗ ಬನ್ನಿ ಅಂದರು.